ಕಲ್ಲಿನಡಿ ಸಿಕ್ಕ ಅತ್ತೆ

“ಇನ್ನ ಮ್ಯಾಲೆ ಬುಧವಾರ ನಾನು ಬಾಯಿ ಬಿಡಾಂಗಿಲ್ಲ! ಬಿಟ್ರ ನೋಡು!”

ಯರ್ರಿಸ್ವಾಮಿ ಹೀಗೆಂದು ಸಾರಿದ್ದು ಎಷ್ಟು ಗಟ್ಟಿಯಾಗಿತ್ತೆಂದರೆ, ಎದುರುಮನೆಯ ಕಟ್ಟೆಯ ಮೇಲೆ ಮಲಗಿದ್ದ ನಾಯಿ ದಡಬಡಿಸಿ ಎದ್ದು ರಾಯದುರ್ಗದ ಕೋಟೆಯ ಕಡೆಗೆ ಓಡಿಬಿಟ್ಟಿತು. ಮೌನವ್ರತದ ಘೋಷಣೆಯನ್ನು ಮೆಲ್ಲಗೆ ಮಾಡಬೇಕೆಂದು ಯಾವ ಶಾಸ್ತ್ರದಲ್ಲೂ ಹೇಳಿಲ್ಲವಲ್ಲ!

ಯರ್ರಿಸ್ವಾಮಿಗೆ ಆಗ ಇಪ್ಪತ್ತಾರು ವರ್ಷ. ‘ದುರ್ಗ ದುಂದುಭಿ’ ಎಂಬ ನಾಲ್ಕು ಪುಟದ ವಾರಪತ್ರಿಕೆಗೆ ಅವನೇ ಸಂಪಾದಕ, ಅವನೇ ಪ್ರಕಾಶಕ, ಗಾಳಿ ಬೀಸಿದಾಗ ಹಾರಿದ ಕಾಗದಗಳನ್ನು ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗುವವನೂ ಅವನೇ. ಮನೆಯ ಮುಂಭಾಗದಲ್ಲಿ ಅಚ್ಚುಕೂಟ, ಹಿಂಭಾಗದಲ್ಲಿ ಅಡುಗೆಮನೆ, ನಡುವಿನ ಪಡಸಾಲೆಯಲ್ಲಿ ಸಂಪಾದಕರ ಮೇಜು. ಎಡಗಿವಿಗೆ ಅಚ್ಚಿನ ಮೊಳೆ ಜೋಡಿಸುವ ಸದ್ದು, ಬಲಗಿವಿಗೆ ಒಗ್ಗರಣೆಯ ಸದ್ದು. ದೇಶದ ಚಿಂತೆಯೂ ಸಾರಿನ ಚಿಂತೆಯೂ ಅವನ ತಲೆಯಲ್ಲಿ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದವು.

ಪತ್ರಿಕೆ ಹೊರಬರುವುದು ಗುರುವಾರ. ಹಾಗಾಗಿ ಸಿಟ್ಟು ಬರುವುದು ಬುಧವಾರ. ಆರು ದಿನ ಹಸುವಿನಂತಿರುವ ಮನುಷ್ಯ ಬುಧವಾರ ಬೆಳಗಾದರೆ ಕೊಂಬು ಮೂಡಿಸಿಕೊಂಡು ಏಳುತ್ತಿದ್ದ. ಹಿಂದಿನ ಬುಧವಾರವಂತೂ ಊರ ಹಿರಿಯರು ಅತಿಥಿಗಳಿಗೆ ‘ಹಾರ ಹಾಕಿದರು’ ಎಂದು ಇರಬೇಕಾದದ್ದು ಕರಡಿನಲ್ಲಿ ‘ಹೊರ ಹಾಕಿದರು’ ಎಂದಾಗಿತ್ತು.

“ಹೊರ ಹಾಕ್ತೀನಿ! ಈ ಮನ್ಯಾಗಿನಿಂದ ಒಬ್ಬೊಬ್ಬರನ್ನ ಹಿಡ್ದು ಹೊರ ಹಾಕ್ತೀನಿ!” ಎಂದು ಅವನು ಕೂಗುತ್ತಿರುವಾಗಲೇ ಮೊರ ಹಿಡಿದು ಪಡಸಾಲೆಗೆ ಬಂದ ಲಕ್ಷ್ಮಕ್ಕ ನಿಂತಲ್ಲೇ ನಿಂತಳು.

“ಯಾರ್ನಪ್ಪಾ? ನನ್ನನ್ನಾ?” ಎಂದಳು.

ಮಡಕಶಿರದ ಲಕ್ಷ್ಮಕ್ಕ ಅವನ ಹೆಂಡತಿ ನರಸಕ್ಕನ ತಾಯಿ. ಅಷ್ಟೇ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಆಕೆ ಅವನ ತಂದೆಯ ಒಡಹುಟ್ಟಿದ ತಂಗಿ ಕೂಡ. ಸೋದರತ್ತೆಯೂ ಹೌದು, ಹೆಣ್ಣು ಕೊಟ್ಟ ಅತ್ತೆಯೂ ಹೌದು. ಎರಡು ಕಡೆಯಿಂದಲೂ ಅತ್ತೆಯಾದವಳಿಂದ ತಪ್ಪಿಸಿಕೊಳ್ಳಲು ಮೂರನೆಯ ಕಡೆ ಎಲ್ಲಿಂದ ತರುವುದು? ಅದೂ ಅಲ್ಲದೆ, ತಾಯಿಯಿಲ್ಲದ ಯರ್ರಿಸ್ವಾಮಿಯನ್ನು ಐದು ವರ್ಷ ಸೊಂಟದ ಮೇಲೆ ಹೊತ್ತು ಸಾಕಿದವಳು. ಅಂಥವಳು “ನನ್ನನ್ನಾ?” ಎಂದು ಕೇಳಿದ್ದು ಅವನ ಕರುಳಿಗೆ ತಾಗಿತು. ಮೌನವ್ರತದ ಹುಟ್ಟು ಅಲ್ಲಿ.

“ದೊಡ್ಡೋರೆಲ್ಲ ಸೋಮವಾರ ಮೌನ ಇರ್ತಾರಂತ್ರಿ ಸ್ವಾಮಿ. ನೀವು ಬುಧವಾರ ಯಾಕ್ರಿ?” ಎಂದ ಸುಂಕಪ್ಪ. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಹಳೆಯ ಕೈ ಅವನದು.

“ಸೋಮವಾರ ನನಗ ಸಿಟ್ಟೇ ಬರಾಂಗಿಲ್ಲ. ಹಸಿವಿಲ್ಲದ ದಿನ ಉಪಾಸ ಮಾಡಿದ್ರ ಏನು ಪುಣ್ಯನಪಾ?”

“ಬುಧವಾರ ಒಂದಿನಾನಾ?” ಎಂದಳು ನರಸಕ್ಕ. ಅವಳ ದನಿಯಲ್ಲಿ ಏನೋ ಒಂದು ಇತ್ತು. ಯರ್ರಿಸ್ವಾಮಿ ಅದನ್ನು ಮೆಚ್ಚುಗೆಯೆಂದೇ ತಿಳಿದ.

ಇಲ್ಲಿ ಸುಂಕಪ್ಪನ ಎರಡು ಕಟ್ಟಳೆಗಳನ್ನು ಹೇಳಿಬಿಡಬೇಕು. ರಾಯದುರ್ಗದ ಆಷಾಢದ ಗಾಳಿ ಎಂದರೆ ಸಾಮಾನ್ಯವಲ್ಲ, ತಲೆಯ ಮೇಲಿನ ರುಮಾಲನ್ನು ಪಕ್ಕದ ಬೀದಿಗೆ ಮುಟ್ಟಿಸುವಂಥದು. ಅದಕ್ಕೇ ಸಂಪಾದಕರ ಮೇಜಿನ ಮೇಲೆ ಕೋಟೆಬೆಟ್ಟದಿಂದ ತಂದ ಒಂದು ಕರಿಕಲ್ಲು ಇರುತ್ತಿತ್ತು. ಅಚ್ಚಿಗೆ ಹೋಗಬೇಕಾದ ಬರಹವನ್ನು ಯರ್ರಿಸ್ವಾಮಿ ಅದರಡಿ ಇಡುವುದು, ಸುಂಕಪ್ಪ ಬಂದು ಎತ್ತಿಕೊಂಡು ಹೋಗುವುದು. ಕಲ್ಲಿನಡಿ ಇದ್ದದ್ದೆಲ್ಲ ಅಚ್ಚಿಗೆ ಎಂಬುದು ಮೊದಲನೆಯ ಕಟ್ಟಳೆ. “ಮೊಳೆ ಜೋಡ್ಸೋನು ಅಕ್ಷರ ನೋಡ್ಬೇಕ್ರಿ, ಅರ್ಥ ನೋಡಿದ್ರ ಕೆಲಸ ಕೆಡ್ತೈತಿ” ಎಂಬುದು ಎರಡನೆಯದು. ಹನ್ನೆರಡು ವರ್ಷ ಬಳ್ಳಾರಿಯ ಅಚ್ಚುಕೂಟವೊಂದರಲ್ಲಿ ಒಂದು ವಾಕ್ಯದ ಅರ್ಥವನ್ನೂ ತಿಳಿಯದೆ ದುಡಿದು ಒಳ್ಳೆಯ ಹೆಸರು ತಂದವನು ಅವನು.

ವ್ರತದ ಮೊದಲ ಬುಧವಾರ ಬಂತು. ದುಂದುಭಿ ಸದ್ದಡಗಿಸಿತು! ಯರ್ರಿಸ್ವಾಮಿ ಹಳೆಯ ಕರಡಿನ ಹಾಳೆಗಳನ್ನು ಚೀಟಿಗಳಾಗಿ ಕತ್ತರಿಸಿಟ್ಟುಕೊಂಡು, ಪೆನ್ಸಿಲು ಹಿಡಿದು, ತಪಸ್ವಿಯಂತೆ ಕೂತ. ನೀರು ಬೇಕಾದರೆ ‘ನೀರು’ ಎಂದು ಬರೆದು ತೋರಿಸುವನು. ಸುಂಕಪ್ಪ ಮೊಳೆಗಳನ್ನು ಚೆಲ್ಲಿದ. ಬೈಗುಳ ಗಂಟಲವರೆಗೆ ಬಂದು, ಹೊರಗೆ ದಾರಿಯಿಲ್ಲದೆ, ಹೊಟ್ಟೆಗೆ ವಾಪಸು ಹೋಯಿತು. ಆಹಾ, ಎಂಥ ಶಾಂತಿ!

ಶಾಂತಿ ಹತ್ತು ಗಂಟೆಯವರೆಗೆ ಇತ್ತು. ಹತ್ತಕ್ಕೆ ನರಸಕ್ಕ ರುಚಿ ನೋಡಲೆಂದು ಸಾರು ತಂದಳು. ಉಪ್ಪು ಎಂದರೆ ಉಪ್ಪು! ಅವನು ‘ಉಪ್ಪು!!’ ಎಂದು ಬರೆದು ತೋರಿಸಿದ.

“ಅಮ್ಮ ಹಾಕಿದ್ದು ಕಣ್ರೀ, ಅಮ್ಮನ್ನೇ ಕೇಳಿ,” ಎಂದು ಅವಳು ಕೊಡ ಎತ್ತಿಕೊಂಡು ಬಾವಿಗೆ ಹೋದಳು.

ಅಮ್ಮನನ್ನು ಕೇಳುವ ಧೈರ್ಯ ಯಾರಿಗಿದೆ? ಹೆಂಡತಿಗೇ ಒಂದು ಚೀಟಿಯಲ್ಲಿ ವಿಷಯ ತಿಳಿಸಿಬಿಡೋಣವೆಂದು ಕೂತ. ಪೇಚಾಟ ಶುರುವಾದದ್ದೇ ಆಗ. ಅವನ ಬಾಯಿ ಮನೆಮಾತು ಆಡುತ್ತಿತ್ತೇ ಹೊರತು ಪೆನ್ಸಿಲು ಅಗ್ರಲೇಖನವನ್ನಲ್ಲದೆ ಬೇರೇನನ್ನೂ ಕಲಿತಿರಲಿಲ್ಲ. ಮೊದಲು ತಲೆಬರಹ ಬಿತ್ತು. ಅದರ ಹಿಂದೆ ಉಳಿದದ್ದು ಸಾಲುಗಟ್ಟಿ ಬಂತು:

“ಅತ್ತೆಯವರು ಯಾವಾಗ ಹೊರಡುವರು? ನಾಲ್ಕು ದಿನದ ಮಟ್ಟಿಗೆಂದು ಅತಿಥಿಗಳಾಗಿ ಬಂದವರು ಇಂದಿಗೆ ನಲವತ್ತೊಂದು ದಿನಗಳಿಂದ ನಮ್ಮಲ್ಲೇ ನೆಲೆಸಿದ್ದಾರೆ. ಬರುವಾಗ ತಂದದ್ದು ಒಂದು ಬುಟ್ಟಿ ಕಡಲೆಕಾಯಿ; ಈಗ ಉಗ್ರಾಣದ ಬೀಗದಕೈಗಳು ಅವರ ಸೊಂಟವನ್ನು ಅಲಂಕರಿಸಿವೆ. ನಮ್ಮ ಮನೆಯ ಉಪ್ಪಿನ ಮೇಲೂ ನಮಗೆ ಅಧಿಕಾರವಿಲ್ಲ! ಅವರಿಂದಾದ ಉಪಕಾರಗಳನ್ನು ನಾವು ಮರೆತಿಲ್ಲ. ಆದರೂ ಹೊರಡುವ ದಿನಾಂಕವನ್ನು ಗೊತ್ತುಪಡಿಸಬೇಕೆಂದು ವಿನಯಪೂರ್ವಕವಾಗಿ ಒತ್ತಾಯಿಸುತ್ತೇವೆ. ನಮ್ಮ ಮನೆಯನ್ನು ನಾವೇ ಆಳಿಕೊಳ್ಳಬಲ್ಲೆವು!”

ಬರೆದು ಮುಗಿಸಿ ಓದಿಕೊಂಡ. ಮೈ ಜುಮ್ಮೆಂದಿತು. ಅಷ್ಟರಲ್ಲಿ ಗಾಳಿ ಬೀಸಿತು. ಹೆಂಡತಿ ಬಾವಿಯಿಂದ ಬರುವ ತನಕ ಚೀಟಿ ಹಾರದಿರಲೆಂದು ಕೈ ತಾನೇ ಹೋಗಿ, ಅಭ್ಯಾಸದಂತೆ, ಕರಿಕಲ್ಲನ್ನು ಅದರ ಮೇಲಿಟ್ಟಿತು. ಆ ವಾರದ ನಿಜವಾದ ಅಗ್ರಲೇಖನ, ಕಣೇಕಲ್ಲಿನ ರಸ್ತೆಯ ಗುಂಡಿಗಳನ್ನು ಕುರಿತದ್ದು, ಇನ್ನೂ ತಿದ್ದಬೇಕೆಂದು ಮೇಜಿನ ಖಾನೆಯಲ್ಲೇ ಇತ್ತು.

ಮಧ್ಯಾಹ್ನ ಅವನು ಊಟಕ್ಕೆ ಕೂತ. ಬಲಗಡೆಯ ಬಾಗಿಲಲ್ಲಿ ನರಸಕ್ಕ “ಇನ್ನೊಂದು ಮುದ್ದೆ ಇಕ್ಲಾ?” ಎಂದಳು. ಅದೇ ಗಳಿಗೆಯಲ್ಲಿ ಎಡಗಡೆಯ ಬಾಗಿಲಲ್ಲಿ ಸುಂಕಪ್ಪ “ಕಲ್ಲಿನಡೀದು ಈ ವಾರದ ಅಗ್ರಲೇಖನ ಏನ್ರಿ ಸ್ವಾಮಿ?” ಎಂದ. ಯರ್ರಿಸ್ವಾಮಿ ಮುದ್ದೆಗಾಗಿ ಹೌದೆಂದು ತಲೆ ಅಲ್ಲಾಡಿಸಿದ. ಒಂದು ತಲೆ, ಎರಡು ಬಾಗಿಲು! ಇಬ್ಬರೂ ತೃಪ್ತರಾಗಿ ತಂತಮ್ಮ ಕೆಲಸಕ್ಕೆ ಹೋದರು.

ಉಂಡೆದ್ದು ನೋಡಿದರೆ ಕಲ್ಲಿನಡಿ ಚೀಟಿ ಇಲ್ಲ. ನರಸಕ್ಕ ತೆಗೆದುಕೊಂಡಿರಬೇಕು, ಓದಿ ಯೋಚನೆ ಮಾಡುತ್ತಿರಬೇಕು ಎಂದುಕೊಂಡ. ಯೋಚಿಸಲಿ. ಬುಧವಾರ ಸಂಜೆ ಸುಂಕಪ್ಪ ಕರಡನ್ನು ಗಟ್ಟಿಯಾಗಿ ಓದುವುದು, ಯರ್ರಿಸ್ವಾಮಿ ಕೇಳಿ ತಪ್ಪು ಹೇಳುವುದು ಪದ್ಧತಿ. ಇಂದು ಕೇಳಬಹುದು, ಹೇಳುವಂತಿಲ್ಲ.

“ನೀವು ಮಲಕ್ಕೋರಿ. ಯಾರನ್ನಾರ ಕೂಡ್ರಿಸ್ಕ್ಯಂಡು ನಾನ ಓದಿ ಮುಗಿಸ್ತೀನಿ,” ಎಂದ ಸುಂಕಪ್ಪ. ಪತ್ರಿಕೆ ಶುರುವಾದ ಮೇಲೆ ಮೊದಲ ಬಾರಿಗೆ ಸಂಪಾದಕರು ಬುಧವಾರ ನಿದ್ದೆ ಮಾಡಿದರು.

ಗುರುವಾರ ಬೆಳಗ್ಗೆ ಪತ್ರಿಕೆ ಬಿಡಿಸಿದ ಯರ್ರಿಸ್ವಾಮಿಯ ಬಾಯಿಂದ ಹೊರಟ ಸದ್ದಿಗೆ ನಾಯಿ ಮತ್ತೆ ಕೋಟೆಯ ಕಡೆ ಓಡಿತು. ಮೊದಲ ಪುಟ, ಎರಡು ಅಂಕಣದ ಅಗಲ, ದಪ್ಪ ಅಕ್ಷರ: ‘ಅತ್ತೆಯವರು ಯಾವಾಗ ಹೊರಡುವರು?’

“ಎಲ್ಲಾ ಹಂಚಿಬಿಟ್ಟಿಯೇನು?”

“ಬಳ್ಳಾರಿ ರೈಲಿಗೆ ಹಾಕೀನ್ರಿ. ಊರಾಗ ಮನಿಮನಿಗೆ ಹೋಗ್ಯಾವ. ಈ ಸಲ ಒಂದ್ ತಪ್ಪಿಲ್ರಿ!” ಎಂದು ಸುಂಕಪ್ಪ ಎದೆಯುಬ್ಬಿಸಿದ.

“ತಪ್ಪಿಲ್ಲಂತಿ! ಇಲ್ಲಿ ನೋಡು, ಎರಡು ಬುಟ್ಟಿ ಕಡಲೆಕಾಯಿ ಅಂತೈತಿ. ನಾನು ಒಂದು ಅಂತ ಬರ್ದಿದ್ದೆ!” ಮನೆಯೇ ಹತ್ತಿ ಉರಿಯುವಾಗಲೂ ಸಂಪಾದಕನ ಕಣ್ಣು ಮೊದಲು ಮುದ್ರಣದೋಷಕ್ಕೇ ಹೋಗುತ್ತದೆ.

“ಅದು ಕರಡು ಕೇಳಿದೋರು ತಿದ್ಸಿದ್ರಿ...” ಎಂದು ಸುಂಕಪ್ಪ ಶುರುಮಾಡಿದ. ಪೂರ್ತಿ ಕೇಳುವಷ್ಟು ಪುಣ್ಯ ಯರ್ರಿಸ್ವಾಮಿಗೆ ಇರಲಿಲ್ಲ. ಪತ್ರಿಕೆ ಹಿಡಿದ ನರಸಕ್ಕ ಬಾಗಿಲಲ್ಲಿ ನಿಂತಿದ್ದಳು.

ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

“ನಮ್ಮಮ್ಮ ತಾನಾಗೇ ಬರ್ಲಿಲ್ಲ. ನಾನೇ ಕಾಗ್ದ ಬರ್ದು ಕರ್ಸ್ಕೊಂಡೆ. ಬುಧವಾರ ಒಂದಿನ ಮಾತಾಡಲ್ಲ ಅಂದ್ರಲ್ಲ, ಮಿಕ್ಕ ಆರು ದಿನ ನನ್ ಜೊತೆ ಏನ್ ಮಾತಾಡಿದ್ರಿ, ಹೇಳ್ರೀ? ಉಪ್ಪು ಜಾಸ್ತಿ, ಉಪ್ಪು ಕಮ್ಮಿ. ಅಷ್ಟೇಯ. ಗೋಡೆ ಜೊತೆ ಎಷ್ಟು ದಿನ ಮಾತಾಡ್ಲಿ ನಾನು?”

ಯರ್ರಿಸ್ವಾಮಿ ಬಾಯಿ ತೆರೆದ. ಅಂದು ಗುರುವಾರ, ಮಾತಿಗೆ ಯಾವ ಅಡ್ಡಿಯೂ ಇರಲಿಲ್ಲ. ಆದರೂ ಕೈ ಚೀಟಿಗಾಗಿ ತಡಕಾಡಿತು.

“ಅಮ್ಮಂಗೆ ಓದಕ್ಕೆ ಬರಲ್ಲ, ಅದು ನಿಮ್ಮ ಪುಣ್ಯ. ಇದು ಅವಳ ಕಿವಿಗೆ ಬಿದ್ದು, ಅವಳು ಗಂಟು ಕಟ್ಟಿದ್ರೆ, ಹಿಂದೇನೇ ನಾನೂ ಹೊರಡ್ತೀನಿ. ಮಡಕಶಿರದ ಬಸ್ಸು ಎಲ್ಲಿ ನಿಲ್ತೈತೆ ಅಂತ ನಂಗೂ ಗೊತ್ತೈತೆ.”

ಅವಳು ಹೇಳಿದರೆ ಹೇಳಿದಂತೆ ಮಾಡುವವಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೆಂಡತಿಯಿಲ್ಲದ ಮನೆಯನ್ನು ನೆನೆದವನೇ ಚಪ್ಪಲಿ ಮೆಟ್ಟಿದ. ಊರವರ ಕೈಕಾಲು ಹಿಡಿದಾದರೂ ಸುದ್ದಿ ಅತ್ತೆಗೆ ಮುಟ್ಟದಂತೆ ನೋಡಿಕೊಳ್ಳಬೇಕೆಂದು ಪೇಟೆಗೆ ಹೋದ.

ಪೇಟೆಯಲ್ಲಿ ಬೇರೆಯೇ ಕಥೆ! ಉಪ್ಪಿನ ಸತ್ಯಾಗ್ರಹದ ದೆಸೆಯಿಂದ, ಉಪ್ಪಿನ ಹೆಸರೆತ್ತಿದರೆ ಪರಂಗಿ ಸರ್ಕಾರದ ಪೊಲೀಸರು ಬೆಚ್ಚಿಬೀಳುತ್ತಿದ್ದ ಕಾಲವದು. ಅತಿಥಿಗಳಾಗಿ ಬಂದವರು, ಬೀಗದಕೈ ಕಿತ್ತುಕೊಂಡವರು, ಉಪ್ಪಿನ ಮೇಲೆ ಅಧಿಕಾರ ನಡೆಸುವವರು! ರಾಯದುರ್ಗದ ಜನ ದಡ್ಡರೇ?

“ಭಲೇ ಸ್ವಾಮಿ! ಅತ್ತಿ ಅಂತ ಬರ್ದು ಸರ್ಕಾರಕ್ಕ ಸರೀಗೆ ಬಿಟ್ರಿ ನೋಡ್ರಿ!” ಎಂದು ಬಟ್ಟೆ ಅಂಗಡಿಯವರು ಎದ್ದು ನಿಂತು ಕೈಮುಗಿದರು. ವೀಳ್ಯದೆಲೆ ಅಂಗಡಿಯಲ್ಲಿ ಎಲೆ ಅಡಿಕೆ ಕೊಟ್ಟರು. ಬೊಮ್ಮನಹಾಳಿನಿಂದ ಸಂತೆಗೆ ಬಂದವರೊಬ್ಬರು ಅವನ ಕಾಲು ಮುಟ್ಟಲು ಬಂದರು.

ಯರ್ರಿಸ್ವಾಮಿ ಮೊದಲು ಕಕ್ಕಾಬಿಕ್ಕಿಯಾದ. ಎರಡನೆಯ ಅಂಗಡಿಯ ಹೊತ್ತಿಗೆ ಮುಗುಳ್ನಕ್ಕ. ನಾಲ್ಕನೆಯ ಅಂಗಡಿಯ ಹೊತ್ತಿಗೆ, “ತಿಳಿಯೋರಿಗೆ ತಿಳಿದ್ರ ಸಾಕ್ರಿ,” ಎಂದು ಕಣ್ಣು ಮಿಟುಕಿಸಿದ. ಮನೆಗೆ ಬರುವಾಗ ತಾನು ಬರೆದದ್ದು ಸರ್ಕಾರವನ್ನು ಕುರಿತೇ ಎಂದು ಅವನಿಗೇ ಮುಕ್ಕಾಲು ಪಾಲು ನಂಬಿಕೆ ಬಂದಿತ್ತು.

ಎರಡೇ ದಿನದಲ್ಲಿ ಊರಿನಲ್ಲಿ ನಮಸ್ಕಾರ ಹೋಗಿ “ಅತ್ತಿ ಯಾವಾಗ ಹೊಂಡ್ತಾಳ್ರಿ?” ಎಂಬುದು ಬಂತು. “ಹೊಂಡ್ತಾಳ, ಹೊಂಡ್ತಾಳ!” ಎಂದು ಎದುರಿನವರು ಹೇಳಬೇಕು. ಎಲೆ ಅಡಿಕೆಗೆಂದು ಹೋಗಿದ್ದ ಲಕ್ಷ್ಮಕ್ಕ ಮನೆಗೆ ಬಂದು ಕೇಳಿದಳು:

“ಯರ್ರೀ, ಊರೋರೆಲ್ಲ ಅತ್ತೆ ಅತ್ತೆ ಅಂತಾವ್ರಲ್ಲ, ಯಾರ ಅತ್ತೆನೋ?”

“ಅದು... ಬ್ಯಾರೆ ಊರಿನ ಅತ್ತಿ,” ಎಂದ ಯರ್ರಿಸ್ವಾಮಿ.

“ಪಾಪ,” ಎಂದಳು ಲಕ್ಷ್ಮಕ್ಕ. “ಎಂಥಾ ಅಳಿಯನ ಕೈಗೆ ಸಿಕ್ಕವಳೋ!” ಅಡಿಕೆ ಕತ್ತರಿಸುತ್ತ ಕೂತಳು.

ಪತ್ರಿಕೆ ರೈಲಿನಲ್ಲಿ ಬಳ್ಳಾರಿಗೆ ಹೋಗಿತ್ತಲ್ಲ, ಅಲ್ಲಿ ಯಾವ ಕಚೇರಿಯಲ್ಲಿ ಯಾರು ಓದಿದರೋ, ಅದರ ಮರುಟಪಾಲು ಸಬ್‌ಇನ್‌ಸ್ಪೆಕ್ಟರರ ರೂಪದಲ್ಲಿ ಬಂತು. ಬಂದದ್ದು ಸರಿಯಾಗಿ ಮರುವಾರದ ಬುಧವಾರ! ದೊಡ್ಡ ಮೀಸೆಯ ತೆಲುಗಿನವರು. ಒಂದು ಕೈಯಲ್ಲಿ ‘ದುರ್ಗ ದುಂದುಭಿ’, ಇನ್ನೊಂದು ಕೈಯಲ್ಲಿ ತೆಂಗಿನಕಾಯಿ ಗಾತ್ರದ ಬೀಗ.

“ಏಮಯ್ಯಾ ಎಡಿಟರೂ! ಈ ಅತ್ತ ಎವರು? ಯಾರು ಈ ಅತ್ತೆ, ಹೇಳು! ಸರ್ಕಾರದ ಮೇಲೆ ಬರ್ದಿದ್ರೆ ಪ್ರೆಸ್ಸಿಗೆ ಬೀಗ, ನಿನಗೆ ಬಳ್ಳಾರಿ ಜೈಲು!”

ಯರ್ರಿಸ್ವಾಮಿ ಎಡಗಡೆ ನೋಡಿದ: ಬೀಗ. ಬಲಗಡೆ ನೋಡಿದ: ಅಡುಗೆಮನೆಯ ಬಾಗಿಲಲ್ಲಿ ನರಸಕ್ಕ, ಅವಳ ಹಿಂದೆ ಲಕ್ಷ್ಮಕ್ಕನ ಸೆರಗು. ಸರ್ಕಾರ ಎಂದರೆ ಪತ್ರಿಕೆ ಹೋಯಿತು. ಸ್ವಂತ ಅತ್ತೆ ಎಂದರೆ ಹೆಂಡತಿ ಹೋದಳು. ಮಾತಾಡೋಣವೆಂದರೆ ಬುಧವಾರ. ಬರೆದು ತೋರಿಸೋಣವೆಂದು ಚೀಟಿಗೆ ಕೈ ಹಾಕಿದವನು ಹಾವು ಮುಟ್ಟಿದಂತೆ ಹಿಂದೆಗೆದುಕೊಂಡ. ಚೀಟಿ ಬರೆದೇ ಅಲ್ಲವೇ ಈ ಗತಿ ಬಂದದ್ದು!

“ಮಾತಾಡಲ್ವಾ? ಓಹೋ, ಮೌನವ್ರತಮಾ! ಇದೂ ಸತ್ಯಾಗ್ರಹವೇ ಕದಾ!” ಎಂದು ಇನ್‌ಸ್ಪೆಕ್ಟರು ಬೀಗದ ಬಾಯಿ ತೆರೆದರು.

“ತಡಿಯಪ್ಪಾ.”

ಲಕ್ಷ್ಮಕ್ಕ ಮಗಳನ್ನು ಪಕ್ಕಕ್ಕೆ ಸರಿಸಿ ಪಡಸಾಲೆಗೆ ಬಂದಳು.

“ಅವ್ನು ಬುಧವಾರ ಮಾತಾಡಲ್ಲ, ನನ್ನ ಕೇಳು. ಆ ಅತ್ತೆ ನಾನೇ ಕಣಪ್ಪ.”

ಯರ್ರಿಸ್ವಾಮಿ ಕೂತಲ್ಲೇ ಕುಗ್ಗಿದ. ಭೂಮಿ ಬಾಯಿ ಬಿಡಲಿಲ್ಲ, ಅದಕ್ಕೂ ಬುಧವಾರದ ವ್ರತವಿತ್ತೋ ಏನೋ!

“ನಲವತ್ತೊಂದು ದಿನದಿಂದ ನೆಲೆಸಿದ್ದಾರೆ ಅಂತ ಐತಲ್ಲ, ಈಗ ನಲವತ್ತೆಂಟಾಯ್ತು. ಎರಡು ಬುಟ್ಟಿ ಕಡ್ಲೆಕಾಯಿ ಅಂತ ಐತಲ್ಲ, ಅಗೋ ಮೂಲೇಲಿ ಬುಟ್ಟಿ, ಎಣಿಸ್ಕೊ. ‘ಬೀಗದಕೈಗಳು ಅವರ ಸೊಂಟವನ್ನು ಅಲಂಕರಿಸಿವೆ’,” ಎಂದು ಆಕೆ ಪತ್ರಿಕೆಯ ಮಾತನ್ನು ಹಾಗೆಹಾಗೆಯೇ ಒಪ್ಪಿಸಿ, “ಇಗೋ ಸೊಂಟ, ಇಗೋ ಬೀಗದಕೈ,” ಎಂದು ಗಲಗಲ ಅಲ್ಲಾಡಿಸಿದಳು.

“ಮತ್ತೆ ಉಪ್ಪು?” ಎಂದರು ಇನ್‌ಸ್ಪೆಕ್ಟರು. ಅವರಿಗೆ ಮುಖ್ಯವಾಗಿದ್ದದ್ದು ಅದೇ.

“ಕೈ ಹಿಡಿ.”

ಆಕೆ ಒಳಗಿಂದ ಒಂದು ಸೌಟು ಸಾರು ತಂದು ಅವರ ಅಂಗೈಗೆ ಹಾಕಿದಳು. ಇನ್‌ಸ್ಪೆಕ್ಟರು ಹೀರಿದರು. ಮೀಸೆ ಎರಡೂ ಕಡೆ ಎದ್ದು ನಿಂತಿತು, ಕಣ್ಣಲ್ಲಿ ನೀರು ಬಂತು. ಒಂದು ಚೊಂಬು ನೀರು ಕುಡಿದು ಪುಸ್ತಕ ತೆಗೆದು ಬರೆದುಕೊಂಡರು: ‘ಉಪ್ಪು ವಿಪರೀತ. ಲೇಖನದಲ್ಲಿ ಬರೆದದ್ದೆಲ್ಲ ನಿಜ. ಅತ್ತೆ ನಿಜವಾದ ಅತ್ತೆ.’

ಹೊರಡುವಾಗ ಬೀಗವನ್ನು ಜೇಬಿಗೆ ತುರುಕುತ್ತ ಹೇಳಿದರು: “ಎಡಿಟರೂ, ಬಳ್ಳಾರಿಯಿಂದ ದೊರೆಗಳು ಯಾವಾಗ ಬೇಕಾದ್ರೂ ತನಿಖೆಗೆ ಬರ್ತಾರೆ. ಬಂದಾಗ ಈಯಮ್ಮ ಇಲ್ಲೇ ಇರಬೇಕು. ಇಲ್ಲದಿದ್ರೆ ಈ ಅತ್ತೆ ಮತ್ತೆ ಸರ್ಕಾರ ಆಗ್ಬಿಡುತ್ತೆ, ತಿಳೀತಾ?”

ಅವರ ಬೂಟಿನ ಸದ್ದು ಬೀದಿಯ ತಿರುವು ದಾಟುವುದೇ ತಡ, ಯರ್ರಿಸ್ವಾಮಿ ವ್ರತ ಮುರಿದ.

“ಅತ್ತೀ, ತಪ್ಪಾತು. ನಿನಗ... ನಿನಗ ಹ್ಯಾಂಗ ಗೊತ್ತಾತು?”

“ಹೋದ ಬುಧವಾರಾನೇ ಗೊತ್ತು ಕಣೋ. ನೀನು ಗೊರಕೆ ಹೊಡೀತಿದ್ದೆ. ಸುಂಕಪ್ಪ ನನ್ನ ಕೂಡಿಸ್ಕೊಂಡು ಅಷ್ಟನ್ನೂ ಓದ್ದ. ತಪ್ಪಿದ್ರೆ ಹೇಳಮ್ಮ ಅಂದ. ಒಂದು ಬುಟ್ಟಿ ಅಂತ ಇತ್ತು, ನಾನು ತಂದಿದ್ದು ಎರಡು. ತಿದ್ದಿಸ್ದೆ. ಮಿಕ್ಕಿದ್ದೆಲ್ಲ ಸರಿಯಾಗೇ ಐತಲ್ಲಪ್ಪ, ಹಾಕ್ಕೊ ಅಂದೆ.”

“ಅಮ್ಮಾ!” ಎಂದಳು ನರಸಕ್ಕ. “ಬೇಜಾರಾಗ್ಲಿಲ್ವಾ?”

“ಆಯ್ತು. ಈರುಳ್ಳಿ ಹೆಚ್ಚೋದು ಇತ್ತು, ಅದ್ರಾಗೆ ಅತ್ತು ಮುಗಿಸ್ದೆ.” ಆಕೆ ಅಳಿಯನ ಕಡೆ ನೋಡಿದಳು. “ಇವ್ನು ಸಣ್ಣೋನಿದ್ದಾಗ ಸೊಂಟದಿಂದ ಇಳಿ ಅಂದ್ರೆ ಇಳೀತಿರ್ಲಿಲ್ಲ. ನಾನು ದಿನಾಂಕ ಗೊತ್ತುಪಡಿಸು ಅಂತ ಕೇಳಿದ್ನಾ?”

ಯರ್ರಿಸ್ವಾಮಿಯ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲು ಕೈಗೆ ಸಿಕ್ಕಿದ್ದು ಒಂದು ಹಳೆಯ ಕರಡಿನ ಹಾಳೆ. ಮೂಗಿಗೆಲ್ಲ ಮಸಿಯಾಯಿತು.

“ಇವಳೇ, ಇನ್ನ ದಿನಾ ನಿನ್ನ ಕೂಡ ಮಾತಾಡ್ತೀನಿ,” ಎಂದ ಹೆಂಡತಿಗೆ.

“ಬುಧವಾರಾನೂ?”

“ಬುಧವಾರನೂ. ಅತ್ತೀ, ನೀನು ಎಷ್ಟು ದಿನ ಬೇಕಾದ್ರೂ ಇರು. ದಯಮಾಡಿ ಇರು!”

“ಇರು ಅಂತ ಈಗ ಅಂತೀಯ. ಊರೆಲ್ಲ ಓದೋ ಹಂಗೆ ಯಾವಾಗ ಹೊರಡ್ತಾಳೆ ಅಂತ ಕೇಳಿದ್ದೀಯಲ್ಲ, ಅದಕ್ಕೆ ಜವಾಬು ಬ್ಯಾಡ್ವಾ?” ಲಕ್ಷ್ಮಕ್ಕ ಸೊಂಟದ ಬೀಗದಕೈ ಸರಿಮಾಡಿಕೊಂಡು ಅಚ್ಚುಕೂಟದ ಕಡೆ ತಿರುಗಿದಳು. “ಸುಂಕಪ್ಪಾ, ಬರ್ಕೋ. ಸರ್ಕಾರ ಯಾವತ್ತು ಹೊರಡ್ತೈತೋ, ಅದ್ರ ಮಾರನೇ ದಿನದ ಬಸ್ಸಿಗೆ ಅತ್ತೆನೂ ಹೊರಡ್ತಾಳೆ.”

ಸುಂಕಪ್ಪ ಅಕ್ಷರ ಬಿಡದೆ ಬರೆದುಕೊಂಡ. ಗಾಳಿ ಬೀಸುತ್ತಿತ್ತು. ಚೀಟಿಯನ್ನು ಜೋಪಾನವಾಗಿ ಕರಿಕಲ್ಲಿನಡಿ ಇಟ್ಟು, ಸಂಪಾದಕರ ಮುಖ ನೋಡಿ ಕೇಳಿದ:

“ಇದು ಈ ವಾರದ ಅಗ್ರಲೇಖನ ಏನ್ರಿ ಸ್ವಾಮಿ?”

ಯರ್ರಿಸ್ವಾಮಿ ಎರಡೂ ಕೈಗಳಿಂದ ತನ್ನ ತಲೆಯನ್ನು, ಅತ್ತಿತ್ತ ಅಲ್ಲಾಡದಂತೆ, ಗಟ್ಟಿಯಾಗಿ ಹಿಡಿದುಕೊಂಡ.